ಕಾಚಿನ್ ಬೆಟ್ಟದ ಮಣ್ಣು, ಚೀನಾದ ಗೇಟು

ಪ್ರಶ್ನೆ: ವಿದ್ಯುತ್ ಸ್ಕೂಟರ್‌ಗಳ ಮೋಟಾರಿಗೆ ಬಿಡಿಭಾಗ ಮಾಡಿಕೊಡುವ ಬೆಂಗಳೂರಿನ ಒಂದು ಸಣ್ಣ ಘಟಕದಲ್ಲಿ ಕೆಲಸ ಮಾಡುತ್ತೇನೆ. 2025ರಲ್ಲಿ ಚೀನಾ ರಫ್ತು ಬಿಗಿಗೊಳಿಸಿದ ಮೇಲೆ ಮ್ಯಾಗ್ನೆಟ್‌ಗೆ ಪರದಾಟ ಶುರುವಾಯಿತು. ಆ ಮ್ಯಾಗ್ನೆಟ್‌ಗೆ ಬೇಕಾದ ರೇರ್ ಅರ್ಥ್ ಲೋಹದ ದೊಡ್ಡ ಪಾಲು ಮ್ಯಾನ್ಮಾರ್‌ನಿಂದ ಚೀನಾಕ್ಕೆ ಹೋಗುತ್ತದಂತೆ. ಗಣಿಗಳಿರುವುದು ಬಂಡುಕೋರರ ಕೈಯಲ್ಲಂತೆ. ಹಾಗಾದರೆ ಚೀನಾಕ್ಕೆ ಅವುಗಳ ಮೇಲೆ ಹಿಡಿತ ಹೇಗೆ ಬಂತು? ಆ ದೇಶದಲ್ಲಿ ಅದಕ್ಕೆ ನಿಜವಾಗಿ ಬೇಕಿರುವುದೇನು? ಮ್ಯಾನ್ಮಾರ್ ನಮಗೂ ನೆರೆಯ ದೇಶವೇ ತಾನೆ, ನಾವೇ ನೇರವಾಗಿ ಯಾಕೆ ಕೊಳ್ಳಬಾರದು?

ಉತ್ತರ: ಚೀನಾದ ಹಿಡಿತವನ್ನು ಗಣಿಯಲ್ಲಿ ಹುಡುಕಿದರೆ ಸಿಗುವುದಿಲ್ಲ, ಗಡಿಯ ಗೇಟಿನಲ್ಲಿ ಹುಡುಕಬೇಕು. ಕಾಚಿನ್ ರಾಜ್ಯದ ಪಾಂಗ್ವಾ ಮತ್ತು ಚಿಪ್ವಿ ಸುತ್ತಲಿನ ಗಣಿಗಳು 2024ರ ಅಕ್ಟೋಬರ್‌ನಿಂದ ಕಾಚಿನ್ ಇಂಡಿಪೆಂಡೆನ್ಸ್ ಆರ್ಮಿಯ (ಕೆಐಎ) ವಶದಲ್ಲಿವೆ. ಇದು ಮ್ಯಾನ್ಮಾರ್ ಸೇನೆಯ ವಿರುದ್ಧ ದಶಕಗಳಿಂದ ಹೋರಾಡುತ್ತಿರುವ ಪಡೆ. ಬೆಟ್ಟ ಅವರದು, ತೆರಿಗೆ ಅವರದು, ಚೆಕ್‌ಪೋಸ್ಟ್ ಅವರದು. ಆದರೆ ಮಣ್ಣಿನಿಂದ ಲೋಹ ಬಿಡಿಸುವ ರಾಸಾಯನಿಕ ಚೀನಾದಿಂದಲೇ ಬರಬೇಕು. ಪೈಪು, ಪಂಪು, ತಂತ್ರಜ್ಞರು, ಮುಂಗಡ ಹಣ ಎಲ್ಲವೂ ಅಲ್ಲಿಂದಲೇ. ತುಂಬಿದ ಮೂಟೆಗೆ ಗಿರಾಕಿಯೂ ಅಲ್ಲೇ. ಒಳಗೆ ಹೋಗುವುದಕ್ಕೂ ಹೊರಗೆ ಬರುವುದಕ್ಕೂ ಒಂದೇ ಬಾಗಿಲು, ಬೀಗದ ಕೈ ಯುನಾನ್ ಪ್ರಾಂತ್ಯದ ಅಧಿಕಾರಿಗಳ ಬಳಿ.

ಇದು ಅರ್ಥವಾಗಬೇಕಾದರೆ ಮೊದಲು ಆ ಮಣ್ಣಿನಿಂದ ಲೋಹ ತೆಗೆಯುವ ಬಗೆಯನ್ನು ನೋಡಬೇಕು. ಹಿಡಿತದ ಗುಟ್ಟು ರಾಜತಾಂತ್ರಿಕತೆಗಿಂತ ರಸಾಯನಶಾಸ್ತ್ರದಲ್ಲೇ ಹೆಚ್ಚಿದೆ.

ರೇರ್ ಅರ್ಥ್ ಎಂದು ಕರೆಯುವ 17 ಧಾತುಗಳಲ್ಲಿ ಹಗುರ, ಭಾರ ಎಂದು ಎರಡು ಗುಂಪು. ನಿಯೋಡಿಮಿಯಂ, ಪ್ರೇಸಿಯೋಡಿಮಿಯಂ, ಲ್ಯಾಂಥನಂ ಇವೆಲ್ಲ ಹಗುರ. ಕೇರಳ, ತಮಿಳುನಾಡು, ಒಡಿಶಾ ಕರಾವಳಿಯ ಮರಳಿನಲ್ಲಿರುವ ಮೊನಜೈಟ್‌ನಲ್ಲಿ ಇವು ಸಾಕಷ್ಟಿವೆ. ಡಿಸ್ಪ್ರೋಸಿಯಂ, ಟರ್ಬಿಯಂ ಭಾರದ ಗುಂಪಿನವು. ನಮ್ಮ ಮರಳಿನಲ್ಲಿ ಇವು ಇಲ್ಲವೆನ್ನುವಷ್ಟು ಕಡಿಮೆ. ನಿಯೋಡಿಮಿಯಂ ಮ್ಯಾಗ್ನೆಟ್ ತಣ್ಣಗಿರುವಾಗ ಬಲಶಾಲಿ. ಮೋಟಾರಿನ ಒಳಗೆ ಶಾಖ 150 ಡಿಗ್ರಿ ಸಮೀಪಿಸಿದರೆ ಎದುರು ಬರುವ ಕಾಂತಕ್ಷೇತ್ರಕ್ಕೆ ಸೋತು ತನ್ನ ಬಲವನ್ನು ಮರಳಿ ಬಾರದಂತೆ ಕಳೆದುಕೊಳ್ಳಬಹುದು. ಇದನ್ನು ತಡೆಯಲು ಸ್ವಲ್ಪ ಡಿಸ್ಪ್ರೋಸಿಯಂ ಅಥವಾ ಟರ್ಬಿಯಂ ಸೇರಿಸುತ್ತಾರೆ. ಪ್ರಮಾಣ ಮ್ಯಾಗ್ನೆಟ್ಟಿನ ತೂಕದಲ್ಲಿ ಶೇ. 1ರಿಂದ 5–6. ಸಾರಿನ ಉಪ್ಪಿನಷ್ಟೇ ಲೆಕ್ಕ, ಆದರೆ ಅದಿಲ್ಲದೆ ಕೆಲಸ ಕೆಡುತ್ತದೆ.

ಈ ಭಾರದ ಧಾತುಗಳು ಗಟ್ಟಿ ಬಂಡೆಯಲ್ಲಿ ಲಾಭಕ್ಕೆ ಸಿಗುವುದು ಅಪರೂಪ. ಬೆಚ್ಚಗಿನ, ಮಳೆ ಹೆಚ್ಚಿರುವ ಪ್ರದೇಶದಲ್ಲಿ ಗ್ರಾನೈಟ್ ಲಕ್ಷಾಂತರ ವರ್ಷ ಕೊಳೆತು ಜೇಡಿಮಣ್ಣಾದಾಗ, ಆ ಮಣ್ಣಿನ ಕಣಗಳ ಮೈಗೆ ಇವು ಅಯಾನುಗಳಾಗಿ ಅಂಟಿಕೊಂಡಿರುತ್ತವೆ. ದಕ್ಷಿಣ ಚೀನಾದ ಜಿಯಾಂಗ್‌ಷಿ ಪ್ರಾಂತ್ಯದ ಗಾಂಜೌ ಸುತ್ತ ಇಂಥ ಮಣ್ಣಿದೆ. ಗಡಿ ದಾಟಿದರೆ ಕಾಚಿನ್ ಬೆಟ್ಟಗಳಲ್ಲೂ ಇದೆ. ಮಣ್ಣಿನಲ್ಲಿ ಲೋಹದ ಅಂಶ ಸಾಮಾನ್ಯವಾಗಿ ಶೇ. 0.05ರಿಂದ 0.2. ಕೇಳುವುದಕ್ಕೆ ಏನೂ ಇಲ್ಲ ಅನ್ನಿಸುತ್ತದೆ, ಆದರೆ ಬಂಡೆ ಒಡೆಯಬೇಕಿಲ್ಲ, ಪುಡಿ ಮಾಡಬೇಕಿಲ್ಲ, ಕುಲುಮೆಯೂ ಬೇಡ. ಉಪ್ಪುನೀರು ಹರಿಸಿದರೆ ಸಾಕು.

ಮೊದಲು ಬೆಟ್ಟದ ಮೇಲ್ಭಾಗದ ಮರ ಕಡಿದು, ಇಳಿಜಾರಿನಲ್ಲಿ ಒಂದೆರಡು ಮೀಟರ್ ಅಂತರಕ್ಕೊಂದರಂತೆ ಆಳವಾದ ತೂತು ಕೊರೆದು ಪ್ಲಾಸ್ಟಿಕ್ ಪೈಪು ಇಳಿಸುತ್ತಾರೆ. ನಮ್ಮ ರೈತರು ಗೊಬ್ಬರವಾಗಿ ಬಳಸುವ ಅಮೋನಿಯಂ ಸಲ್ಫೇಟನ್ನೇ ನೀರಿನಲ್ಲಿ ಕರಗಿಸಿ ವಾರಗಟ್ಟಲೆ, ತಿಂಗಳುಗಟ್ಟಲೆ ಆ ತೂತುಗಳಿಗೆ ಬಿಡುತ್ತಾರೆ. ಅಮೋನಿಯಂ ಅಯಾನು ಮಣ್ಣಿನ ಕಣದ ಮೇಲೆ ತಾನು ಕೂತು ರೇರ್ ಅರ್ಥ್ ಅಯಾನನ್ನು ಎಬ್ಬಿಸಿ ಕಳಿಸುತ್ತದೆ. ಆ ದ್ರಾವಣ ಬೆಟ್ಟದ ಒಳಗೇ ಇಳಿದು ಬುಡದಲ್ಲಿ ಅಡ್ಡಲಾಗಿ ಕೊರೆದ ಕೊಳವೆಗಳಿಂದ ಟಾರ್ಪಾಲಿನ್ ಹಾಸಿದ ದುಂಡನೆಯ ಕೊಳಗಳಿಗೆ ಬರುತ್ತದೆ. ಅಲ್ಲಿ ಅಮೋನಿಯಂ ಬೈಕಾರ್ಬನೇಟ್ ಅಥವಾ ಆಕ್ಸಾಲಿಕ್ ಆಮ್ಲ ಹಾಕಿದರೆ ಬಿಳಿ ಗಸಿ ತಳಕ್ಕೆ ಕೂರುತ್ತದೆ. ಅದನ್ನು ಹಿಂಡಿ, ಒಲೆಯಲ್ಲಿ ಸುಟ್ಟು ಆಕ್ಸೈಡ್ ಮಾಡಿ ಮೂಟೆ ಕಟ್ಟುತ್ತಾರೆ. ಉಪಗ್ರಹ ಚಿತ್ರದಲ್ಲಿ ಹಸಿರು ಬೆಟ್ಟದ ನಡುವೆ ತಿಳಿನೀಲಿ ಬೊಟ್ಟುಗಳಂತೆ ಕಾಣುವುದು ಇದೇ ಕೊಳಗಳು. ಗ್ಲೋಬಲ್ ವಿಟ್ನೆಸ್ ಸಂಸ್ಥೆ 2022ರಲ್ಲಿ ಎಣಿಸಿದಾಗ ಸುಮಾರು 300 ಸ್ಥಳಗಳಲ್ಲಿ 2,700ಕ್ಕೂ ಹೆಚ್ಚು ಕೊಳಗಳು ಸಿಕ್ಕಿದವು.

ಈಗ ಲೆಕ್ಕ. ಮಣ್ಣಿನಲ್ಲಿ ಶೇ. 0.1 ಲೋಹವಿದ್ದು ಅದರಲ್ಲಿ ಶೇ. 70 ಕೈಗೆ ಬಂದರೆ, ಒಂದು ಟನ್ ಆಕ್ಸೈಡ್‌ಗೆ ಸುಮಾರು 1,400 ಟನ್ ಮಣ್ಣನ್ನು ತೊಳೆಯಬೇಕು. ಅದಕ್ಕೆ ಏಳೆಂಟು ಟನ್ ಅಮೋನಿಯಂ ಸಲ್ಫೇಟ್ ಖರ್ಚು. 2021ರಲ್ಲಿ ಮ್ಯಾನ್ಮಾರ್‌ನಿಂದ ಚೀನಾಕ್ಕೆ ಹೋದದ್ದು ಸುಮಾರು 19,500 ಟನ್ ಆಕ್ಸೈಡ್. 2023ರಲ್ಲಿ 41,700 ಟನ್, ಬೆಲೆ ಸುಮಾರು 140 ಕೋಟಿ ಡಾಲರ್. ಅಂದರೆ 2023ರ ಮಾಲಿಗೆ ಒಳಗೆ ಹೋಗಿರಬೇಕಾದ ಗೊಬ್ಬರ ಸುಮಾರು 3 ಲಕ್ಷ ಟನ್. 30 ಟನ್ ಹೊರುವ ಲಾರಿಯಾದರೆ 10,000 ಲಾರಿ. ಇಷ್ಟನ್ನು ಕತ್ತೆಯ ಬೆನ್ನಿನ ಮೇಲೆ ಕಳ್ಳದಾರಿಯಲ್ಲಿ ಸಾಗಿಸಲಾಗದು. ಮೂಟೆಯನ್ನು ಹೊರಗೆ ಕದ್ದು ಸಾಗಿಸಬಹುದೇನೋ, ಗೊಬ್ಬರವನ್ನು ಒಳಗೆ ಕದ್ದು ತರುವುದು ಅಸಾಧ್ಯ. ಗೇಟು ಮುಚ್ಚಿದ ಕೆಲವೇ ವಾರಗಳಲ್ಲಿ ಗಣಿ ಒಣಗುವುದು ಇದಕ್ಕೇ.

ಈ ವಿಧಾನದಲ್ಲಿ ಕೆಡುವುದೂ ಕಡಿಮೆಯಲ್ಲ. ಮರ ಹೋದ ಇಳಿಜಾರಿಗೆ ನೀರು ತುಂಬಿಸಿದರೆ ಮಳೆಗಾಲದಲ್ಲಿ ಬೆಟ್ಟವೇ ಜಾರುತ್ತದೆ. 2024ರ ಜೂನ್‌ನಲ್ಲಿ ಪಾಂಗ್ವಾ ಬಳಿ ಹಾಗೆ ಜಾರಿ ಕಾರ್ಮಿಕರು ಸತ್ತರು. ತಳದಲ್ಲಿ ಬಿರುಕಿದ್ದರೆ ದ್ರಾವಣ ಕೊಳಕ್ಕೆ ಬಾರದೆ ಅಂತರ್ಜಲಕ್ಕೆ ಇಳಿಯುತ್ತದೆ. ಆಮ್ಲೀಯವಾದ ಮಣ್ಣು ರೇರ್ ಅರ್ಥ್ ಜೊತೆ ಸೀಸ, ಕ್ಯಾಡ್ಮಿಯಂಗಳನ್ನೂ ಬಿಟ್ಟುಕೊಡುತ್ತದೆ. ಗಣಿ ಬಿಟ್ಟುಹೋದ ಮೇಲೂ ಅಮೋನಿಯಾ ವರ್ಷಗಟ್ಟಲೆ ಒಸರುತ್ತಲೇ ಇರುತ್ತದೆ. ಚಿಪ್ವಿ ಇರುವುದು ಇರಾವತಿಯ ಮೂಲಧಾರೆಗಳಲ್ಲೊಂದಾದ ಎನ್‌ಮಾಯ್ ನದಿಯ ದಡದಲ್ಲಿ, ಅದನ್ನು ನೆನಪಿಡಿ.

ಗಾಂಜೌನಲ್ಲೂ ಇದೇ ಆಗಿತ್ತು. ಹೊಲ, ಬಾವಿ, ನದಿ ಹಾಳಾಗಿ ಶುದ್ಧೀಕರಣದ ಖರ್ಚು ಕೈಮೀರಿದಾಗ, 2010ರ ದಶಕದಲ್ಲಿ ಚೀನಾ ತನ್ನ ಅಕ್ರಮ ಗಣಿಗಳನ್ನು ಒಂದೊಂದಾಗಿ ಮುಚ್ಚಿಸಿತು. ಅಲ್ಲಿನ ಗುತ್ತಿಗೆದಾರರು ಅದೇ ಪೈಪು, ಅದೇ ಸೂತ್ರ ಹಿಡಿದು ಗಡಿ ದಾಟಿದರು. ಮ್ಯಾನ್ಮಾರ್‌ನಲ್ಲಿ ಅನುಮತಿ ಕೊಡಲು ಸರ್ಕಾರ ಬೇಕಿರಲಿಲ್ಲ, ಜಾಗ ಹಿಡಿದ ಸೇನಾನಿ ಸಾಕಿತ್ತು. ಪಾಂಗ್ವಾದಲ್ಲಿ ಆ ಸೇನಾನಿ ಜಾಖುಂಗ್ ಟಿಂಗ್ ಯಿಂಗ್. 2009ರಲ್ಲಿ ಮ್ಯಾನ್ಮಾರ್ ಸೇನೆಯ ಗಡಿರಕ್ಷಣಾ ಪಡೆಯಾಗಿ ಸೇರಿಕೊಂಡ ಅವನ ತಂಡ 2024ರವರೆಗೂ ಆ ಬೆಟ್ಟಗಳ ಯಜಮಾನಿಕೆ ನಡೆಸಿತು. ಚೀನಾ ತನ್ನ ಮಾಲಿನ್ಯವನ್ನು ಹೊರಗೆ ಕಳಿಸಿ ಮಾಲನ್ನು ಒಳಗೆ ತಂದುಕೊಂಡಿತು ಅನ್ನಬಹುದು. ಅದು ಪೂರ್ತಿ ಬೀಜಿಂಗ್‌ನಲ್ಲಿ ಕೂತು ಮಾಡಿದ ಯೋಜನೆಯೇ? ಅರ್ಧದಷ್ಟು ಗುತ್ತಿಗೆದಾರರ ಲಾಭಕೋರತನ, ಉಳಿದದ್ದು ಕಂಡೂ ಕಾಣದಂತಿದ್ದ ಆಡಳಿತ ಎನ್ನುವುದು ನನ್ನ ಅಂದಾಜು.

ಯಜಮಾನ ಬದಲಾದಾಗ ಏನಾಯಿತು ನೋಡಿ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಕೆಐಎ ಪಾಂಗ್ವಾ ಹಿಡಿದ ಬೆನ್ನಿಗೇ ಚೀನಾ ಕಾಚಿನ್ ಕಡೆಯ ಗೇಟುಗಳನ್ನು ಮುಚ್ಚಿತು. ಗಣಿ ನಿಂತಿತು. ಕೆಐಎ ಟನ್ನಿಗೆ 35,000 ಯುವಾನ್ ತೆರಿಗೆ ಕೇಳಿತು ಎಂದು ವರದಿಯಾಯಿತು. ಜಗ್ಗಾಟ ತಿಂಗಳುಗಟ್ಟಲೆ ನಡೆದು 2025ರ ಮೊದಲ ತಿಂಗಳುಗಳಲ್ಲಿ ಚೀನಾದ ಆಮದು ಹಿಂದಿನ ವರ್ಷದ ಅರ್ಧಕ್ಕಿಳಿಯಿತು. ನಂತರ ದಾಸ್ತಾನಿದ್ದ ಮಾಲು ಮತ್ತೆ ಹೊರಟಿತು. ಅಷ್ಟರಲ್ಲಿ ಕೆಐಎ ಇರಾವತಿ ದಂಡೆಯ ಭಾಮೋ ಪಟ್ಟಣಕ್ಕೆ ಮುತ್ತಿಗೆ ಹಾಕಿತ್ತು. ಭಾಮೋ ಕೈಬಿಡದಿದ್ದರೆ ನಿಮ್ಮ ಖನಿಜ ಕೊಳ್ಳುವುದನ್ನೇ ನಿಲ್ಲಿಸುತ್ತೇವೆ ಎಂದು ಚೀನಾದ ಅಧಿಕಾರಿಗಳು ಬೆದರಿಸಿದ್ದಾಗಿ 2025ರ ಜುಲೈನಲ್ಲಿ ರಾಯ್ಟರ್ಸ್ ಬರೆಯಿತು.

ನಮ್ಮ ಕಬ್ಬಿನ ಸೀಮೆಯವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಹೊಲ ರೈತನದೇ, ಬೆಳೆಯೂ ಅವನದೇ. ಆದರೆ ಸುತ್ತ ಇರುವುದು ಒಂದೇ ಕಾರ್ಖಾನೆಯಾಗಿ, ಬಿತ್ತನೆ ಮತ್ತು ಗೊಬ್ಬರದ ಸಾಲವೂ ಅದರದ್ದೇ ಆದರೆ, ಕಡಿತದ ಆದೇಶ ಯಾವಾಗ ಬರಬೇಕೆನ್ನುವುದನ್ನು ಹೊಲದ ಯಜಮಾನ ನಿರ್ಧರಿಸಲಾರ. ಒಂದು ವ್ಯತ್ಯಾಸವಿದೆ: ಕಬ್ಬು ಒಣಗುತ್ತದೆ, ಆಕ್ಸೈಡ್ ಮೂಟೆ ಕೆಡುವುದಿಲ್ಲ. ಹಾಗಾಗಿ ಕೆಐಎ ಸ್ವಲ್ಪ ಕಾಲ ಕಾಯಬಲ್ಲದು. ಕಾಯಲಾಗದ್ದು ಯುದ್ಧದ ಖರ್ಚು.

ಚೀನಾಕ್ಕೆ ಬೇಕಿರುವುದೇನು?

ಖನಿಜವೊಂದೇ ಅಂದುಕೊಂಡರೆ ಅದರ ನಡೆಗಳು ಅರ್ಥವಾಗುವುದಿಲ್ಲ. ಸುಮಾರು 2,100 ಕಿ.ಮೀ. ಗಡಿಯಲ್ಲಿ ಅದು ಬಯಸುವುದನ್ನು ಆದ್ಯತೆಯ ಕ್ರಮದಲ್ಲಿ ಇಟ್ಟರೆ ಮೊದಲು ಬರುವುದು ಯುನಾನ್‌ಗೆ ಗಲಾಟೆ ಹರಿಯದಂತೆ ಇರುವ ಗಡಿ. ಎರಡನೆಯದು ಬಂಗಾಳ ಕೊಲ್ಲಿಗೆ ದಾರಿ. ಖನಿಜ ಮೂರನೆಯದು. ಇವೆಲ್ಲದರ ಹಿಂದೆ ಒಂದು ನಕಾರಾತ್ಮಕ ಗುರಿಯೂ ಇದೆ: ಅಮೆರಿಕವಾಗಲಿ ಭಾರತವಾಗಲಿ ಇಲ್ಲಿ ಗಟ್ಟಿಯಾಗಿ ಕಾಲೂರಬಾರದು.

ಎರಡನೆಯ ಗುರಿ ಹಳೆಯದು. ಚೀನಾಕ್ಕೆ ಬರುವ ತೈಲದ ಬಹುಪಾಲು ಮಲಾಕ್ಕಾ ಜಲಸಂಧಿಯ ಮೂಲಕವೇ ಬರಬೇಕು ಎಂಬ ಆತಂಕವನ್ನು ಆಗಿನ ಚೀನಾ ಅಧ್ಯಕ್ಷ ಹು ಜಿಂಟಾವೊ 2003ರಲ್ಲೇ ಎತ್ತಿದ್ದರು. ಅದಕ್ಕೆ ಉತ್ತರವಾಗಿ ರಖೈನ್ ಕರಾವಳಿಯ ಚೌಕ್‌ಪ್ಯೂನಿಂದ ಯುನಾನ್‌ಗೆ ಜೋಡಿ ಕೊಳವೆ ಹಾಕಿದರು. ಅನಿಲದ ಕೊಳವೆ ಮ್ಯಾನ್ಮಾರ್ ಒಳಗೆ 793 ಕಿ.ಮೀ., 2013ರಿಂದ ಹರಿಯುತ್ತಿದೆ. ತೈಲದ್ದು 771 ಕಿ.ಮೀ., ವರ್ಷಕ್ಕೆ 2.2 ಕೋಟಿ ಟನ್ ಸಾಮರ್ಥ್ಯ, 2017ರಲ್ಲಿ ಆರಂಭವಾಯಿತು. ಇಲ್ಲಿ ಒಂದು ತಮಾಷೆಯಿದೆ: ಆ ಅನಿಲ ಬರುವ ಶ್ವೆ ಕ್ಷೇತ್ರದಲ್ಲಿ ನಮ್ಮ ಒಎನ್‌ಜಿಸಿ ವಿದೇಶ್ ಮತ್ತು ಗೇಲ್ ಕಂಪನಿಗಳಿಗೂ ಪಾಲಿದೆ. ಭಾರತದ ಸಾರ್ವಜನಿಕ ಹಣ ಹೂಡಿದ ಬಾವಿಯ ಅನಿಲ ಯುನಾನ್‌ನ ಒಲೆ ಉರಿಸುತ್ತಿದೆ.

ಇಷ್ಟುದ್ದದ ಕೊಳವೆ ಮ್ಯಾನ್ಮಾರ್‌ನ ಕರಾವಳಿಯಿಂದ ಶಾನ್ ರಾಜ್ಯದವರೆಗೆ ಸಾಗುವಾಗ ಸೇನೆಯ ನೆಲವನ್ನೂ ದಾಟುತ್ತದೆ, ಬಂಡುಕೋರರ ನೆಲವನ್ನೂ ದಾಟುತ್ತದೆ. ಹಾಗಾಗಿ ಒಬ್ಬನ ಪಕ್ಷ ಹಿಡಿಯುವ ಸೌಕರ್ಯ ಚೀನಾಕ್ಕಿಲ್ಲ. ಎಲ್ಲರ ಜೊತೆಗೂ ಮಾತು, ಎಲ್ಲರ ಜೊತೆಗೂ ವ್ಯಾಪಾರ, ಯಾರೂ ಪೂರ್ತಿ ಗೆಲ್ಲದಂತೆ ಎಚ್ಚರ. ಈ ಸಂಬಂಧಗಳಿಗೆ ಬೇರು 1968ರಲ್ಲಿದೆ. ಅಂದು ಚೀನಾ ಬರ್ಮಾ ಕಮ್ಯುನಿಸ್ಟ್ ಪಕ್ಷಕ್ಕೆ ಆಯುಧ ಕೊಟ್ಟು ಗಡಿ ದಾಟಿಸಿತು. 1989ರಲ್ಲಿ ಆ ಪಕ್ಷ ಒಡೆದಾಗ ಅದರ ತುಂಡುಗಳಿಂದಲೇ ಶಾನ್ ರಾಜ್ಯದ ಚೀನಾ ಗಡಿಯಲ್ಲಿರುವ ವಾ ಪಡೆ, ಕೊಕಾಂಗ್ ಪಡೆ ಹುಟ್ಟಿದವು. ಇಂದಿಗೂ ವಾ ಪ್ರದೇಶದಲ್ಲಿ ಚಲಾವಣೆ ಯುವಾನ್, ಮೊಬೈಲ್ ಸಿಗ್ನಲ್ ಚೀನಾದ್ದು, ಗಡಿ ಊರುಗಳಿಗೆ ಕರೆಂಟು ಯುನಾನ್‌ನಿಂದ.

ಗೇಟನ್ನು ಹೇಗೆ ಬಳಸುತ್ತಾರೆ ಎನ್ನುವುದಕ್ಕೆ ಲಾಶಿಯೊ ಪಟ್ಟಣದಷ್ಟು ಸ್ಪಷ್ಟ ಉದಾಹರಣೆ ಬೇರೊಂದಿಲ್ಲ. ಗಡಿಯುದ್ದಕ್ಕೂ ಸೈಬರ್ ವಂಚನೆ ಕೇಂದ್ರಗಳು ತುಂಬಿಕೊಂಡು ಚೀನಾದ ನಾಗರಿಕರನ್ನೇ ದೋಚುತ್ತಿದ್ದವು. ಎಷ್ಟು ಹೇಳಿದರೂ ಸೇನಾ ಆಡಳಿತ ಕ್ರಮ ಕೈಗೊಳ್ಳಲಿಲ್ಲ. 2023ರ ಅಕ್ಟೋಬರ್ 27ರಂದು ಮೂರು ಬಂಡುಕೋರ ಪಡೆಗಳು ಒಟ್ಟಾಗಿ ದಾಳಿ ಶುರುಮಾಡಿದಾಗ ಚೀನಾ ತಡೆಯಲಿಲ್ಲ. 2024ರ ಜನವರಿಯಲ್ಲಿ ವಂಚನೆಯ ರಾಜಧಾನಿಯಾಗಿದ್ದ ಕೊಕಾಂಗ್‌ನ ಲೌಕ್ಕಾಯ್ ಪಟ್ಟಣ ಬಿತ್ತು. ಅಲ್ಲಿಗೆ ಚೀನಾದ ಕೆಲಸ ಮುಗಿದಿತ್ತು. ಬಂಡುಕೋರರದು ಮುಗಿದಿರಲಿಲ್ಲ. ಆಗಸ್ಟ್‌ನಲ್ಲಿ ಕೊಕಾಂಗ್ ಪಡೆ ಲಾಶಿಯೊವನ್ನೂ ಹಿಡಿಯಿತು. ಅದು ಸೇನೆಯ ಈಶಾನ್ಯ ಕಮಾಂಡಿನ ಕೇಂದ್ರ, ಮಾಂಡಲೆಯಿಂದ ಚೀನಾ ಗಡಿಗೆ ಹೋಗುವ ಹೆದ್ದಾರಿಯ ಮುಖ್ಯ ಪಟ್ಟಣ. ಸೇನೆಯೇ ಕುಸಿದುಬೀಳಬಹುದು ಎಂಬ ಭಯ ಬೀಜಿಂಗ್‌ಗೆ ಹತ್ತಿತು.

ಆಗ ಒಂದೊಂದೇ ತಿರುಪು ಬಿಗಿಯಾಯಿತು. ಗೇಟು ಮುಚ್ಚಿದರು. ಕೊಕಾಂಗ್‌ಗೆ ಹೋಗುವ ಕರೆಂಟು, ಇಂಟರ್ನೆಟ್ ಕಡಿದರು. ಔಷಧ, ಇಂಧನ ನಿಂತಿತು. ಪಡೆಯ ನಾಯಕ ಪೆಂಗ್ ಡಾಶುನ್ ಯುನಾನ್‌ನಲ್ಲಿ ಬಂಧನದಲ್ಲಿದ್ದಾರೆ ಎಂದು ಸುದ್ದಿಯಾಯಿತು. ಚಿಕಿತ್ಸೆಗೆ ಬಂದಿದ್ದಾರೆ ಎಂದಿತು ಚೀನಾ. 2025ರ ಏಪ್ರಿಲ್‌ನಲ್ಲಿ, ಚೀನಾದ ವಿಶೇಷ ದೂತ ಡೆಂಗ್ ಷಿಜುನ್ ಮಧ್ಯಸ್ಥಿಕೆಯಲ್ಲಿ, ಯುದ್ಧ ಮಾಡಿ ಗೆದ್ದ ಊರನ್ನು ಆ ಪಡೆ ಒಂದು ಗುಂಡೂ ಹಾರಿಸದೆ ಸೇನೆಗೆ ಬಿಟ್ಟುಕೊಟ್ಟಿತು. ಆಗಸ್ಟ್‌ನಲ್ಲಿ ಬಲಾಢ್ಯ ವಾ ಪಡೆ ಕೂಡ ತನ್ನ ಮಿತ್ರರಿಗೆ ಆಯುಧ, ಹಣ ಕೊಡುವುದಿಲ್ಲವೆಂದು ಘೋಷಿಸಿತು. ಅಕ್ಟೋಬರ್‌ನಲ್ಲಿ ತಾಂಗ್ ಜನಾಂಗದ ಬಂಡುಕೋರ ಪಡೆ, ಮಾಣಿಕ್ಯಕ್ಕೆ ಹೆಸರಾದ ಮೊಗೋಕ್‌ನಿಂದ ಹಿಂದೆ ಸರಿಯಲು ಕುನ್ಮಿಂಗ್‌ನಲ್ಲಿ ಸಹಿ ಹಾಕಿತು. ಚೀನಾ ತನ್ನ ಸೈನ್ಯ ಕಳಿಸದೆಯೇ ಇನ್ನೊಂದು ದೇಶದ ಯುದ್ಧದ ನಕ್ಷೆಯನ್ನು ತಿದ್ದಿತು.

ಹಾಗಂತ ಈ ಹಿಡಿತ ಸರ್ವಶಕ್ತ ಅಂದುಕೊಳ್ಳಬೇಡಿ. ಗೇಟು ನಿಲ್ಲಿಸಬಲ್ಲದು, ಕಟ್ಟಲಾರದು. ಚೀನಾ ಮ್ಯಾನ್ಮಾರ್‌ನಲ್ಲಿ ಕಟ್ಟಲು ಹೊರಟ ದೊಡ್ಡ ಕಾಮಗಾರಿಗಳ ಪಟ್ಟಿ ನೋಡಿ. ಎನ್‌ಮಾಯ್ ಮತ್ತು ಮಾಲಿ ನದಿಗಳು ಸೇರುವ ಮಿಟ್ಸೋನ್‌ನಲ್ಲಿ 360 ಕೋಟಿ ಡಾಲರಿನ, 6,000 ಮೆಗಾವಾಟ್ ಅಣೆಕಟ್ಟು, ವಿದ್ಯುತ್ತಿನ ಶೇ. 90 ಚೀನಾಕ್ಕೆ ಹೋಗಬೇಕಿತ್ತು. ಜನರ ಸಿಟ್ಟಿಗೆ ಹೆದರಿ 2011ರ ಸೆಪ್ಟೆಂಬರ್ 30ರಂದು ಅಧ್ಯಕ್ಷ ಥೇನ್ ಸೇನ್ ತಡೆಹಿಡಿದರು. ಥೇನ್ ಸೇನ್ ಸೇನೆಯಿಂದಲೇ ಬಂದವರು, ಚೀನಾದ ಶತ್ರುವಲ್ಲ. ಮೊನ್ಯವಾ ಬಳಿಯ ಲೆಟ್ಪಡೌಂಗ್ ತಾಮ್ರದ ಗಣಿಯಲ್ಲಿ 2012ರ ನವೆಂಬರ್‌ನಲ್ಲಿ ಪ್ರತಿಭಟಿಸಿದ ಭಿಕ್ಷುಗಳ ಮೇಲೆ ಪೊಲೀಸರು ರಂಜಕದ ಬಾಂಬು ಎಸೆದರು. ಗಣಿ ನಡೆಸುವ ಚೀನಾದ ವಾನ್‌ಬಾವ್ ಕಂಪನಿಯ ಹೆಸರಿಗೆ ಹತ್ತಿದ ಆ ಮಸಿ ಇನ್ನೂ ಹೋಗಿಲ್ಲ. ಚೌಕ್‌ಪ್ಯೂ ಬಂದರು 730 ಕೋಟಿ ಡಾಲರಿನದ್ದೆಂದು ಹೊರಟು, ಸಾಲದ ಭಯಕ್ಕೆ ಮೊದಲ ಹಂತ 130 ಕೋಟಿಗೆ ಇಳಿಯಿತು. ಇಂದು ಆ ರಖೈನ್ ರಾಜ್ಯದ 17 ತಾಲ್ಲೂಕುಗಳಲ್ಲಿ 14 ಅರಾಕನ್ ಆರ್ಮಿ ಎಂಬ ಬಂಡುಕೋರ ಪಡೆಯ ಕೈಯಲ್ಲಿವೆ. ಅದು ಯುನಾನ್ ಗಡಿಯಿಂದ ದೂರದ ಕರಾವಳಿ, ಅಲ್ಲಿಗೆ ಗೇಟಿನ ಬಿಗಿ ಅಷ್ಟಾಗಿ ತಟ್ಟುವುದಿಲ್ಲ.

ಗೇಟಿನ ಆಚೆಯವರೂ ಕೆಲವೊಮ್ಮೆ ತಮ್ಮ ಕಡೆಯಿಂದ ಬಾಗಿಲು ಹಾಕುತ್ತಾರೆ. ಮ್ಯಾನ್ಮಾರ್‌ನ ತವರದ ಬಹುಪಾಲು ಬರುವುದು ವಾ ಪ್ರದೇಶದ ಮಾನ್ ಮಾವ್ ಗಣಿಯಿಂದ. 2023ರ ಆಗಸ್ಟ್ 1ರಿಂದ ವಾ ಆಡಳಿತ ಗಣಿಗಾರಿಕೆ ನಿಲ್ಲಿಸಿದಾಗ ಯುನಾನ್‌ನ ಕರಗಿಸುವ ಘಟಕಗಳೇ ಅದಿರಿಗೆ ಬಾಯಿಬಿಡಬೇಕಾಯಿತು. ಕಾಚಿನ್ ಜಗ್ಗಾಟದ ಮೇಲೆ ರೇರ್ ಅರ್ಥ್ ಗುತ್ತಿಗೆದಾರರು ವಾ ಕಡೆಯ ಶಾನ್ ಬೆಟ್ಟಗಳಲ್ಲೂ ಲಾವೋಸ್‌ನಲ್ಲೂ ಹೊಸ ಕೊಳ ತೋಡತೊಡಗಿದರು. 2025ರಲ್ಲಿ ಥಾಯ್ಲೆಂಡಿನ ಚಿಯಾಂಗ್ ರಾಯ್ ಬಳಿ ಕೊಕ್ ನದಿಯಲ್ಲಿ ಆರ್ಸೆನಿಕ್ ಮಿತಿಮೀರಿದ್ದು ಪತ್ತೆಯಾದಾಗ ಬೆರಳು ತೋರಿದ್ದು ನದಿಯ ಮೇಲ್ಭಾಗದ ಗಣಿಗಳ ಕಡೆಗೇ.

ನಾವೇ ಯಾಕೆ ಕೊಳ್ಳಬಾರದು?

ಪ್ರಯತ್ನ ನಡೆದಿಲ್ಲವೆಂದಲ್ಲ. ಕೆಐಎ ಹಿಡಿತದ ಗಣಿಗಳಿಂದ ಮಾದರಿ ತರಿಸಿ ಪರೀಕ್ಷಿಸುವಂತೆ ಕೇಂದ್ರ ಗಣಿ ಸಚಿವಾಲಯ ಸರ್ಕಾರಿ ಸ್ವಾಮ್ಯದ ರೇರ್ ಅರ್ಥ್ ಕಂಪನಿ ಐಆರ್‌ಇಎಲ್‌ಗೂ ಒಂದು ಖಾಸಗಿ ಕಂಪನಿಗೂ ಹೇಳಿದೆ ಎಂದು 2025ರ ಸೆಪ್ಟೆಂಬರ್‌ನಲ್ಲಿ ರಾಯ್ಟರ್ಸ್ ವರದಿ ಮಾಡಿತ್ತು. ಮಾದರಿ ಬರುವುದು ಬೇರೆ, ಮಾಲು ಬರುವುದು ಬೇರೆ. ಭೂಪಟ ತೆರೆದು ನೋಡಿ. ಭಾರತ–ಮ್ಯಾನ್ಮಾರ್ ಗಡಿ 1,643 ಕಿ.ಮೀ. ಇದೆ, ಸರಿ. ಆದರೆ ಪಾಂಗ್ವಾ ಇರುವುದು ಕಾಚಿನ್‌ನ ಪೂರ್ವದ ಅಂಚಿನಲ್ಲಿ, ಚೀನಾದ ತೆಂಗ್‌ಚಾಂಗ್‌ಗೆ ಅಂಟಿಕೊಂಡು. ಅಲ್ಲಿಂದ ಅಸ್ಸಾಂಗೆ ಬರಬೇಕಾದರೆ ಎನ್‌ಮಾಯ್ ದಾಟಿ, ಸೇನೆಯ ಕೈಯಲ್ಲಿರುವ ಮಿಚ್ಚಿನಾ ಸುತ್ತ ಹಾದು, ಹುಕಾಂಗ್ ಕಣಿವೆಯ ಮೂಲಕ ಪಾಂಗ್ಸಾವ್ ಕಣಿವೆದಾರಿ ಹತ್ತಬೇಕು. ಇದು ಎರಡನೇ ಮಹಾಯುದ್ಧದಲ್ಲಿ ಮಿತ್ರಪಡೆಗಳು ಕಟ್ಟಿದ ಲೇಡೋ ರಸ್ತೆಯ ಜಾಡು. ಮಳೆಗಾಲದಲ್ಲಿ ಲಾರಿಗೆ ನಂಬಿಕೆಯ ದಾರಿಯಲ್ಲ. ಮೂಟೆ ಹೊರಗೆ ತರುವುದಷ್ಟೇ ಅಲ್ಲ, ಆ ಗೊಬ್ಬರವನ್ನೂ ಇದೇ ದಾರಿಯಲ್ಲಿ ಒಳಗೆ ಕಳಿಸಬೇಕು. ಇನ್ನು ದಕ್ಷಿಣದಲ್ಲಿ ಬಂಗಾಳ ಕೊಲ್ಲಿಯಿಂದ ಮಿಜೋರಾಂಗೆ ನಾವು ಕಟ್ಟುತ್ತಿರುವ ಕಲಾದಾನ್ ಮಾರ್ಗ ಹಾದುಹೋಗುವ ಪಲೆಟ್ವಾ 2024ರ ಜನವರಿಯಿಂದ ಅರಾಕನ್ ಆರ್ಮಿಯ ವಶದಲ್ಲಿದೆ.

ದಾರಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ಮೂಟೆಯಲ್ಲಿರುವುದು ಹದಿನೈದು ಧಾತುಗಳ ಕಲಸುಮೇಲೋಗರ. ಅದರಲ್ಲಿ ಡಿಸ್ಪ್ರೋಸಿಯಂ ಶೇಕಡಾ ಕೆಲವು ಭಾಗ, ಟರ್ಬಿಯಂ ಅದಕ್ಕೂ ಕಡಿಮೆ. ರಾಸಾಯನಿಕವಾಗಿ ಇವು ಒಂದನ್ನೊಂದು ಹೋಲುವುದರಿಂದ, ದ್ರಾವಕದಲ್ಲಿ ಕಲಕಿ ನೆಲೆಗೊಳಿಸುವ ನೂರಾರು ತೊಟ್ಟಿಗಳ ಸಾಲಿನಲ್ಲಿ ಮತ್ತೆ ಮತ್ತೆ ಹಾಯಿಸಿ ಬೇರ್ಪಡಿಸಬೇಕು. ಒಂದು ತೊಟ್ಟಿಯಲ್ಲಿ ಆಮ್ಲೀಯತೆ ತಪ್ಪಿದರೆ ಮುಂದಿನ ಸಾಲೆಲ್ಲ ಕೆಡುತ್ತದೆ, ಮತ್ತೆ ಹದಕ್ಕೆ ತರಲು ವಾರಗಳು ಬೇಕು. ಭಾರದ ಧಾತುಗಳನ್ನು ಬೇರ್ಪಡಿಸುವ ಈ ಕೆಲಸ ಬಹುತೇಕ ಪೂರ್ತಿ ಚೀನಾದಲ್ಲೇ ನಡೆಯುತ್ತಿತ್ತು. ಆಸ್ಟ್ರೇಲಿಯಾದ ಲೈನಸ್ ಕಂಪನಿ ಮಲೇಷ್ಯಾದ ತನ್ನ ಘಟಕದಲ್ಲಿ ಡಿಸ್ಪ್ರೋಸಿಯಂ ಆಕ್ಸೈಡ್ ತಯಾರಿಸಿದ್ದು 2025ರ ಮೇನಲ್ಲಿ. ಬೇರ್ಪಡಿಸುವ ತಂತ್ರಜ್ಞಾನದ ರಫ್ತನ್ನೇ ಚೀನಾ 2023ರ ಡಿಸೆಂಬರ್‌ನಲ್ಲಿ ನಿಷೇಧಿಸಿತು. ಹಾಗಾಗಿ ಇಂದು ಕಾಚಿನ್ ಮೂಟೆ ನಮ್ಮ ಗೋದಾಮಿಗೆ ಬಂದರೂ ದೊಡ್ಡ ಪ್ರಮಾಣದಲ್ಲಿ ಬಿಡಿಸುವ ವ್ಯವಸ್ಥೆ ಇಲ್ಲಿಲ್ಲ. ಮೊದಲು ಬೇಕಿರುವುದು ಬೇರ್ಪಡಿಸುವ ಘಟಕ, ಆಮೇಲೆ ಲೋಹ ಮಾಡುವುದು, ಆಮೇಲೆ ಮ್ಯಾಗ್ನೆಟ್. 2025ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 7,280 ಕೋಟಿ ರೂಪಾಯಿಯ ಯೋಜನೆ ವರ್ಷಕ್ಕೆ 6,000 ಟನ್ ಮ್ಯಾಗ್ನೆಟ್ ಸಾಮರ್ಥ್ಯದ್ದು. ಒಳ್ಳೆಯದೇ, ಆದರೆ ಅದರಿಂದ ಭಾರದ ಧಾತುವಿನ ಕೊರತೆ ನೀಗುವುದಿಲ್ಲ. ಬೇರ್ಪಡಿಸುವ ಕೆಲಸ ಇಲ್ಲಿ ಬೇರೂರುವ ಮುನ್ನ ಯುದ್ಧಭೂಮಿಯ ಮೂಟೆಗಾಗಿ ರಾಜತಾಂತ್ರಿಕ ಬಂಡವಾಳ ಹೂಡುವುದು ಅವಸರವೆಂದೇ ನನಗನ್ನಿಸುತ್ತದೆ. ನೈತಿಕ ಲೆಕ್ಕವೂ ಇದೆ; ಗಾಂಜೌ ಬಿಟ್ಟ ವಿಷವನ್ನು ಚಿಪ್ವಿಯ ಜನ ಕುಡಿಯುತ್ತಿರುವಾಗ ಇನ್ನೊಬ್ಬ ಗಿರಾಕಿ ಬಂದರೆ ಕೊಳಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ.

ಕೊನೆಗೆ ನಿಮ್ಮ ಘಟಕದ ವಿಷಯ. 2025ರ ಏಪ್ರಿಲ್ 4ರ ಚೀನಾ ಆದೇಶ ಏಳು ಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದೆ: ಸಮೇರಿಯಂ, ಗ್ಯಾಡೋಲಿನಿಯಂ, ಟರ್ಬಿಯಂ, ಡಿಸ್ಪ್ರೋಸಿಯಂ, ಲುಟೀಷಿಯಂ, ಸ್ಕ್ಯಾಂಡಿಯಂ, ಇಟ್ರಿಯಂ. ನಿಯೋಡಿಮಿಯಂ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಪೂರೈಕೆದಾರರನ್ನು ಮೊದಲು ಕೇಳಬೇಕಾದದ್ದು ಮ್ಯಾಗ್ನೆಟ್ ದರ್ಜೆಯ ಕೊನೆಯ ಅಕ್ಷರಗಳನ್ನು. ಎಂ ಅಂದರೆ ಸುಮಾರು 100 ಡಿಗ್ರಿವರೆಗೆ, ಎಚ್ 120, ಎಸ್‌ಎಚ್ 150, ಯುಎಚ್ 180. ಮೇಲೆ ಹೋದಷ್ಟೂ ಡಿಸ್ಪ್ರೋಸಿಯಂ ಇರುವ ಸಂಭವ ಹೆಚ್ಚು. ಅಕ್ಷರ ನೋಡಿ ನಂಬಬೇಡಿ, ಧಾತುಗಳ ಶೇಕಡಾವಾರು ಪರೀಕ್ಷಾ ಪತ್ರ ಬರಹದಲ್ಲಿ ಪಡೆಯಿರಿ. ಭಾರದ ಧಾತು ಇಲ್ಲದ ಮ್ಯಾಗ್ನೆಟ್‌ಗೆ ಆ ಪರವಾನಗಿ ಬೇಕಿಲ್ಲ; ಇದ್ದರೆ ಅಂತಿಮ ಬಳಕೆದಾರರ ಪ್ರಮಾಣಪತ್ರದಿಂದ ಶುರುವಾಗಿ ತಿಂಗಳುಗಳ ಅಲೆದಾಟ. ಮೋಟಾರಿನ ಶಾಖವನ್ನು 120 ಡಿಗ್ರಿ ಒಳಗೆ ಹಿಡಿದಿಡುವಂತೆ ವಿನ್ಯಾಸ ತಿದ್ದಲು ಸಾಧ್ಯವೇ ಎಂದು ನಿಮ್ಮ ಗಿರಾಕಿ ಕಂಪನಿಯ ಎಂಜಿನಿಯರರನ್ನು ಕೇಳಿ. ಆಗದಿದ್ದರೆ ಫೆರೈಟ್ (ರೇರ್ ಅರ್ಥ್ ಬೇಡದ, ಕಬ್ಬಿಣದ ಆಕ್ಸೈಡಿನ ಮ್ಯಾಗ್ನೆಟ್) ಮೋಟಾರು ಒಂದು ದಾರಿ, ಆದರೆ ಅಷ್ಟೇ ಬಲಕ್ಕೆ ಅದು ತೂಕವಾಗುತ್ತದೆ, ದೊಡ್ಡದಾಗುತ್ತದೆ, ನಿಮ್ಮ ಅಚ್ಚುಗಳೂ ಬದಲಾಗಬೇಕು. ಹೆಚ್ಚು ಶಾಖದ ದರ್ಜೆಯೇ ಅನಿವಾರ್ಯವಾದರೆ ದಾಸ್ತಾನು ಯಾವಾಗ ಮಾಡಬೇಕೆಂದು ತಿಳಿಯಲು ಕಾಚಿನ್–ಚೀನಾ ಗಡಿಯ ಪಾಂಗ್ವಾ, ಕಾನ್‌ಪೈಕ್ಟಿ ಗೇಟುಗಳ ಸುದ್ದಿ ಗಮನಿಸಿ. ಅವು ಮುಚ್ಚಿದ ಸುದ್ದಿ ಬಂದರೆ ಬೆಲೆಯ ಪೆಟ್ಟು ನಿಮ್ಮವರೆಗೆ ಮುಟ್ಟುವ ಮೊದಲು ಸ್ವಲ್ಪ ಸಮಯ ಸಿಗುತ್ತದೆ, ಏಕೆಂದರೆ ಬೇರ್ಪಡಿಸುವ ಘಟಕಗಳ ಬಳಿ ಹಳೆಯ ಮೂಟೆಗಳಿರುತ್ತವೆ. ಆರ್ಡರ್ ಹಾಕುವುದಿದ್ದರೆ ಆ ಅವಧಿಯಲ್ಲೇ ಹಾಕಿ.